ಹುಲಿಗಿಯಲ್ಲಿ ಕೂತು ರಾಕೆಟ್ ಕಾಯುವುದು ಹೇಗೆ?

ಹುಲಿಗಿಯಲ್ಲಿ ಹುಣ್ಣಿಮೆ ಯಾವತ್ತು ಎಂದು ಯಾರನ್ನೂ ಕೇಳಬೇಕಿಲ್ಲ. ಹುಲಿಗೆಮ್ಮನ ಗುಡಿಯ ದಾರಿಯಲ್ಲಿ ಜನ ನೆರೆದದ್ದು ನೋಡಿದರೇ ಗೊತ್ತಾಗುತ್ತದೆ. ರಾಕೆಟ್ ಹಾರುವ ದಿನಕ್ಕೆ ಅಂಥ ಗುರುತಿಲ್ಲ, ಪಂಚಾಂಗವೂ ಇಲ್ಲ. ನೇರ ಗೆರೆ ಎಳೆದರೂ ಅದು ಹಾರುವ ಶ್ರೀಹರಿಕೋಟಾ ಇಲ್ಲಿಂದ ಸುಮಾರು 450 ಕಿ.ಮೀ. ದೂರ. ಆದರೂ ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಒಂದಿಷ್ಟು ತಾಳ್ಮೆ ಇದ್ದರೆ ತುಂಗಭದ್ರೆಯ ದಂಡೆಯಿಂದಲೇ ಪ್ರತಿ ಉಡಾವಣೆಯ ಬೆನ್ನು ಹತ್ತಬಹುದು. ಮೂರರಲ್ಲಿ ದುಬಾರಿಯದು ತಾಳ್ಮೆ.

ಹಂತ 1: ನಿಮ್ಮ ಪಂಚಾಂಗ ನೀವೇ ಬರೆಯಿರಿ

ಗೆರೆ ಎಳೆದು ಆರು ಮನೆ ಮಾಡಿಕೊಳ್ಳಿ: ದಿನಾಂಕ, ಗಂಟೆ, ರಾಕೆಟ್, ಅದು ಹೊತ್ತೊಯ್ಯುವುದು, ಎಲ್ಲಿಂದ, ಕೊನೆಗೆ ಏನಾಯಿತು. ನಮ್ಮ ದೇಶದ ಉಡಾವಣೆಗೆ ಇಸ್ರೋ ವೆಬ್‌ಸೈಟು, ಹೊರದೇಶದವಕ್ಕೆ ನಾಸಾ, ಸ್ಪೇಸ್‌ಎಕ್ಸ್‌ನಂಥ ಸಂಸ್ಥೆಗಳ ಸ್ವಂತ ವೆಬ್‌ಸೈಟು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯನ್ನು ಅಲ್ಲಿ ತಾಳೆ ನೋಡದೆ ಬರೆಯಬೇಡಿ. "ಈ ವರ್ಷದೊಳಗೆ" ಎಂದಿದ್ದರೆ ಅದು ಬರೀ ಆಸೆ. ಗಂಟೆ, ನಿಮಿಷದ ಸಮೇತ ಹೇಳಿದ್ದರೆ, ಬಂಗಾಳ ಕೊಲ್ಲಿಯ ಇಂಥ ಭಾಗಕ್ಕೆ ಹೋಗಬೇಡಿ ಎಂದು ವಿಮಾನಗಳಿಗೂ ಮೀನುಗಾರರಿಗೂ ಎಚ್ಚರಿಕೆ ಹೊರಟಿದ್ದರೆ, ಆಗ ಕೆಲಸ ಹತ್ತಿರ ಬಂತೆಂದು ತಿಳಿಯಿರಿ.

ಹಂತ 2: ಗಾಡಿ ಯಾವುದು, ಹೇರು ಯಾವುದು?

ಹೊಸಬರು ಎಡವುವುದು ಇಲ್ಲೇ. ಚಂದ್ರಯಾನ-3 ರಾಕೆಟ್ಟಲ್ಲ, ಹೇರು. ಅದನ್ನು 2023ರ ಜುಲೈ 14ರಂದು ಹೊತ್ತೊಯ್ದ ಗಾಡಿ ಎಲ್‌ವಿಎಂ3-ಎಂ4. ಅದೇ ರೀತಿ ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1 ಹೇರು, ಪಿಎಸ್‌ಎಲ್‌ವಿ-ಸಿ57 ಗಾಡಿ. ಇಸ್ರೋದ ಮೂರು ದೊಡ್ಡ ಗಾಡಿಗಳ ಹೆಸರು ಮೊದಲು ಬಾಯಿಪಾಠ ಮಾಡಿ: ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ, ಎಲ್‌ವಿಎಂ3. ಪಿಎಸ್‌ಎಲ್‌ವಿಯ ಎತ್ತರ 44 ಮೀಟರ್, ಹಂತಗಳು ನಾಲ್ಕು. ಒಂದು ಉರಿದು ಕಳಚಿಕೊಂಡ ಮೇಲೆ ಮುಂದಿನದು ಹೊತ್ತಿಕೊಳ್ಳುತ್ತದೆ. ಭಾರದ ಹೇರಿಗೆ ಎಲ್‌ವಿಎಂ3. ಹಾರುವ ಮುಂಚೆ ಅದರ ತೂಕವೇ ಸುಮಾರು 640 ಟನ್.

ಹಂತ 3: ಗಂಟೆ ನಮ್ಮ ಲೆಕ್ಕಕ್ಕೆ ತನ್ನಿ

ಹೊರದೇಶದ ಉಡಾವಣೆಗಳ ಸಮಯವನ್ನು ಅಲ್ಲಿನ ಗಂಟೆಯಲ್ಲೋ ಯುಟಿಸಿಯಲ್ಲೋ (ವಿಶ್ವ ಸಮಯ) ಕೊಟ್ಟಿರುತ್ತಾರೆ. ಯುಟಿಸಿಗೆ ಐದೂವರೆ ತಾಸು ಕೂಡಿಸಿದರೆ ನಮ್ಮ ಗಂಟೆ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಫ್ಲಾರಿಡಾದಿಂದ ಹೊರಟದ್ದು ಅಲ್ಲಿನ ನಡುರಾತ್ರಿ 2.31ಕ್ಕೆ, ಯುಟಿಸಿಯಲ್ಲಿ 6.31ಕ್ಕೆ. ನಮಗಾಗ ಮಧ್ಯಾಹ್ನ 12.01. ಯುಟಿಸಿಯಲ್ಲಿ ಸಂಜೆ ಆರೂವರೆ ದಾಟಿದರೆ ಇಲ್ಲಿ ದಿನಾಂಕವೇ ಮುಂದಕ್ಕೆ ಹೋಗುತ್ತದೆ, ನೆನಪಿರಲಿ.

ಹಂತ 4: ಮುಂದೂಡಿದರೆ ಅಳಿಸಬೇಡಿ

ರಬ್ಬರ್ ಮನೆಯಲ್ಲೇ ಇರಲಿ. ಹಳೆಯ ದಿನಾಂಕದ ಮೇಲೆ ಒಂದು ಗೆರೆ ಎಳೆದು, ಹೊಸದನ್ನು ಪಕ್ಕದಲ್ಲಿ ಬರೆದು, ಕಾರಣ ಸೇರಿಸಿ. ಶುಕ್ಲಾ ಅವರ ಪ್ರಯಾಣದ ಪುಟ ಹೀಗಿರುತ್ತದೆ: ಮೇ 29, ಜೂನ್ 8, 10, 11, 19, 22, ಇಷ್ಟೂ ಕಾಟು, ಉಳಿದದ್ದು ಜೂನ್ 25. ಒಂದು ಕಾಟಿನ ಪಕ್ಕ "ಹವಾಮಾನ", ಇನ್ನೊಂದರ ಪಕ್ಕ "ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿಕೆ". ಚಂದ್ರಯಾನ-2ರ ಕೌಂಟ್‌ಡೌನನ್ನು 2019ರ ಜುಲೈ 15ರ ನಸುಕಿನಲ್ಲಿ, ಇನ್ನು 56 ನಿಮಿಷ ಇದೆ ಎನ್ನುವಾಗ ನಿಲ್ಲಿಸಿದರು. ಅದು ಹಾರಿದ್ದು ಜುಲೈ 22ಕ್ಕೆ.

ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಕೆಲಸ ನಿಲ್ಲಿಸಬೇಕೇ ಎಂದು ನಮ್ಮೂರಲ್ಲಂತೂ ಯಾರೂ ಕೇಳಲಿಕ್ಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು, ಗೇಟೇ ಕೊಚ್ಚಿಹೋದದ್ದನ್ನು ಕಂಡವರು ನಾವು. 33 ಗೇಟುಗಳಲ್ಲಿ ಒಂದರ ಚೈನು, ಅಷ್ಟೇ.

ಹಂತ 5: ನೇರ ಪ್ರಸಾರ ನೋಡುವಾಗ ಕಿವಿ ಚುರುಕಾಗಿರಲಿ

ಇಸ್ರೋದ ಯೂಟ್ಯೂಬ್ ಚಾನೆಲ್‌ನಲ್ಲಿ ಅರ್ಧ ಗಂಟೆ ಮೊದಲೇ ಪ್ರಸಾರ ಶುರುವಾಗುವುದು ರೂಢಿ. ಕರೆಂಟು ನೆಚ್ಚಿಕೊಳ್ಳದೆ ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ. ಕಂಟ್ರೋಲ್ ರೂಮಿನ ಮಾತೆಲ್ಲ ಇಂಗ್ಲಿಷು. ಎರಡು ಪದ ಹಿಡಿದರೆ ಸಾಕು: "ಹೋಲ್ಡ್" ಎಂದರೆ ಗಡಿಯಾರ ನಿಂತಿತು, "ನಾರ್ಮಲ್" ಎಂದರೆ ಲೆಕ್ಕದಂತೆ ನಡೆದಿದೆ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ ಟಿವಿ-ಡಿ1 ಬೆಳಿಗ್ಗೆ ಎಂಟಕ್ಕೆ ಹಾರಬೇಕಿತ್ತು. ಎಂಟೂವರೆ ಎಂದರು, ಎಂಟೂಮುಕ್ಕಾಲು ಎಂದರು, ಆಮೇಲೆ ಇನ್ನು ಐದೇ ಸೆಕೆಂಡು ಎನ್ನುವಾಗ ಕಂಪ್ಯೂಟರೇ ಹೋಲ್ಡ್ ಮಾಡಿತು. ಮುಗಿಯಿತು ಎಂದು ಮೊಬೈಲ್ ಎತ್ತಿಟ್ಟವರಿಗೆ ಹತ್ತು ಗಂಟೆಯ ಉಡಾವಣೆ ತಪ್ಪಿತು.

ಹಾರಿದ ಮೇಲೂ ಗಡಿಯಾರ ನೋಡುತ್ತಿರಿ. ಚಂದ್ರಯಾನ-3ರಲ್ಲಿ ಪಕ್ಕದ ಎರಡು ದಪ್ಪ ಬೂಸ್ಟರುಗಳು ಕಳಚಿದ್ದು ಸುಮಾರು ಎರಡು ನಿಮಿಷಕ್ಕೆ, ನೌಕೆ ಬೇರ್ಪಟ್ಟದ್ದು ಸುಮಾರು 16 ನಿಮಿಷಕ್ಕೆ. ಹೊಗೆ ಕಾಣುವಾಗಲೇ ಚಪ್ಪಾಳೆ ತಟ್ಟಬೇಡಿ. 2025ರ ಮೇ 18ರ ಪಿಎಸ್‌ಎಲ್‌ವಿ-ಸಿ61 ಚೆನ್ನಾಗಿಯೇ ಎದ್ದಿತು. ಮೂರನೇ ಹಂತದಲ್ಲಿ ಒತ್ತಡ ಕುಸಿದು ಉಪಗ್ರಹ ಕಕ್ಷೆ ಸೇರಲಿಲ್ಲ. ಅದನ್ನೂ ಆರನೇ ಮನೆಯಲ್ಲಿ ಬರೆಯಿರಿ.

ಹಂತ 6: ಹೇರಿನ ಹಿಂದೆ ಹೋಗಿ

ಗಾಡಿಯ ಕೆಲಸ ನಿಮಿಷಗಳದ್ದು, ಹೇರಿನದು ತಿಂಗಳು, ವರ್ಷಗಳದ್ದು. ಚಂದ್ರಯಾನ-3 ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆಗೆ ಬಂತು, 17ಕ್ಕೆ ಲ್ಯಾಂಡರ್ ಬೇರೆಯಾಯಿತು, 23ರ ಸಂಜೆ 6.04ಕ್ಕೆ ನೆಲ ಮುಟ್ಟಿತು. ಆದಿತ್ಯ-ಎಲ್1 ತನ್ನ ಜಾಗ ಸೇರಲು 2023ರ ಸೆಪ್ಟೆಂಬರ್ 2ರಿಂದ 2024ರ ಜನವರಿ 6ರವರೆಗೆ ಹಿಡಿಯಿತು. ಒಂದೊಂದು ಯಾನಕ್ಕೆ ಒಂದು ಪುಟ ಬಿಡಿ. ದೂರದ ಈ ನೌಕೆಗಳ ಸಂಕೇತ ಹಿಡಿಯುವ 32 ಮೀಟರ್ ಅಗಲದ ಆ್ಯಂಟೆನಾ ಇರುವುದು ಬೆಂಗಳೂರಿನಾಚೆಯ ಬ್ಯಾಲಾಳುವಿನಲ್ಲಿ. ನಮಗೆ ಇನ್ನೂ ಹತ್ತಿರದ್ದು ಚಳ್ಳಕೆರೆ: ರೆಕ್ಕೆಯ ರಾಕೆಟ್ 'ಪುಷ್ಪಕ್' ಅನ್ನು 2024ರಲ್ಲಿ ಹೆಲಿಕಾಪ್ಟರಿನಿಂದ ಕೈಬಿಟ್ಟು, ತಾನಾಗಿ ರನ್‌ವೇಗೆ ಇಳಿಯುವುದನ್ನು ಪರೀಕ್ಷಿಸಿದ್ದು ಅದರ ಬಳಿಯ ಮೈದಾನದಲ್ಲಿ.

ಹಂತ 7: ಒಂದು ಸಂಜೆ ಹೊಳೆದಂಡೆಗೆ ಬನ್ನಿ

ಬರಿಗಣ್ಣಿಗೆ ಕಾಣುವುದೂ ಒಂದಿದೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನಾಸಾದ 'ಸ್ಪಾಟ್ ದ ಸ್ಟೇಷನ್' ಆ್ಯಪ್‌ನಲ್ಲಿ ಊರು ಹಾಕಿದರೆ ಯಾವಾಗ, ಯಾವ ದಿಕ್ಕು ಎಂದು ಹೇಳುತ್ತದೆ. ಹೊತ್ತು ಮುಳುಗಿದ ಮೇಲೆ ಅಥವಾ ಹುಟ್ಟುವ ಮುಂಚೆ ಕಾಣುತ್ತದೆ. ನಮಗೆ ಕತ್ತಲಾದರೂ 400 ಕಿ.ಮೀ. ಎತ್ತರದಲ್ಲಿ ಅದರ ಮೇಲೆ ಇನ್ನೂ ಬಿಸಿಲಿರುತ್ತದೆ. ಮಿನುಗದೆ, ಸದ್ದಿಲ್ಲದೆ, ಒಂದೇ ಸಮನೆ ಸಾಗುತ್ತದೆ. ಮಿನುಗಿದರೆ ಅದು ವಿಮಾನ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ರೂಪಿಸಿದ ಪ್ರಯೋಗಕ್ಕಾಗಿ ಶುಕ್ಲಾ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದು ಆ ಚುಕ್ಕಿಯೊಳಗೇ. ಮನೆಯಲ್ಲಿ ಬಟ್ಟೆ ಕಟ್ಟಿ ಮೊಳಕೆ ಬರಿಸುವ ಅವ್ವನನ್ನೂ ಕರೆತಂದು ತೋರಿಸಿ.

ಹಂತ 8: ಒಮ್ಮೆಯಾದರೂ ಶ್ರೀಹರಿಕೋಟಾಕ್ಕೆ

ಅಲ್ಲಿ ಸಾರ್ವಜನಿಕರಿಗಾಗಿ ಗ್ಯಾಲರಿ ಇದೆ. ಜನರನ್ನು ಬಿಡುವ ಉಡಾವಣೆಗಳಿಗೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಬೇಕು. ಜಾಗ ಬೇಗ ತುಂಬುತ್ತದೆ. ಹೊಸಪೇಟೆ ಅಥವಾ ಕೊಪ್ಪಳದಲ್ಲಿ ಹರಿಪ್ರಿಯಾ ಎಕ್ಸ್‌ಪ್ರೆಸ್ ಹತ್ತಿ ತಿರುಪತಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಶ್ರೀಹರಿಕೋಟಾಕ್ಕೆ ಹತ್ತಿರದ ಸೂಳ್ಳೂರುಪೇಟೆಗೆ ಹೋಗಿ. ರಜೆ ಹಾಕುವಾಗ ಎರಡು ದಿನ ಹೆಚ್ಚಿಗೆ ಹಾಕಿ. ನಿಮ್ಮ ನೋಟ್‌ಬುಕ್ಕಿನ ಕಾಟುಗಳನ್ನು ಎಣಿಸಿದರೆ ಯಾಕೆಂದು ತಿಳಿಯುತ್ತದೆ. ಅಷ್ಟಾಗಿಯೂ ಹಾರದಿದ್ದರೆ ಪುಟದಲ್ಲಿ ಇನ್ನೊಂದು ಗೆರೆ ಎಳೆದು, ತಿಮ್ಮಪ್ಪನ ದರ್ಶನ ಮಾಡಿಕೊಂಡು ಬನ್ನಿ.