ಬೇಹುಗಾರನ ಕೈಚೀಲ

ಬೇಹುಗಾರರ ಕಥೆ ಎಂದೊಡನೆ ನಮ್ಮ ಕಣ್ಣೆದುರು ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ. ಕಪ್ಪು ಕನ್ನಡಕ ಧರಿಸಿದ ವೀರನೊಬ್ಬ, ಅವನ ಕೈಯಲ್ಲೊಂದು ಪಿಸ್ತೂಲು, ಬೆಟ್ಟದ ತಿರುವುಗಳಲ್ಲಿ ಒಂದನ್ನೊಂದು ಬೆನ್ನಟ್ಟುವ ಕಾರುಗಳು, ನೆಲಮಾಳಿಗೆಯಲ್ಲಿ ಅಡಗಿ ಕುಳಿತ ಖಳನಾಯಕ. ಕನ್ನಡದ ಪ್ರೇಕ್ಷಕರಿಗೆ ಈ ಬಗೆಯ ಸಾಹಸಚಿತ್ರಗಳ ರುಚಿ ಹತ್ತಿಸಿದ್ದು 1968ರಲ್ಲಿ ತೆರೆಕಂಡ ‘ಜೇಡರ ಬಲೆ’. ದೊರೈ-ಭಗವಾನ್ ಜೋಡಿಯ ನಿರ್ದೇಶನದ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಇಂತಹ ಚಿತ್ರಗಳಲ್ಲಿ ನಾಯಕನು ಗೆದ್ದೇ ಗೆಲ್ಲುವನೆಂಬುದು ನಮಗೆ ಮೊದಲೇ ಗೊತ್ತು. ಅವನು ಗೆಲ್ಲುವ ಚಮತ್ಕಾರವನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ.

ಬೇಹುಗಾರಿಕೆಯನ್ನು ಕುರಿತ ಇನ್ನೊಂದು ಬಗೆಯ ಚಿತ್ರಗಳಿವೆ. ಅವುಗಳಲ್ಲಿ ಕಾರುಗಳ ಓಟವಿಲ್ಲ, ಗುಂಡಿನ ಮೊರೆತ ಅಪರೂಪ. ಸಾಮಾನ್ಯ ಮನುಷ್ಯನೊಬ್ಬ ಸಾಮಾನ್ಯವಾದ ಬೀದಿಯಲ್ಲಿ ನಡೆದುಹೋಗುತ್ತಾನೆ, ಅಷ್ಟೆ. ಆದರೂ ಪ್ರೇಕ್ಷಕನು ಉಸಿರು ಬಿಗಿಹಿಡಿದು ಕುಳಿತಿರುತ್ತಾನೆ. ಇದು ಹೇಗೆ ಸಾಧ್ಯ? ಏನೂ ನಡೆಯದಂತೆ ತೋರುವ ದೃಶ್ಯದಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದಾದರೂ ಏಕೆ? ಇದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು, ನಿಜವಾದ ಬೇಹುಗಾರನು ಹೇಗಿರುತ್ತಾನೆಂಬುದನ್ನು ತಿಳಿಯಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ಮತ್ತೆ ಬೆಳಕು ಕಂಡ ಪ್ರಾಚೀನ ಗ್ರಂಥವೊಂದು ನೆರವಾಗುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವೇ ಆ ಗ್ರಂಥ. ಅದರಲ್ಲಿ ಗೂಢಚಾರರ ಹಲವು ಬಗೆಗಳನ್ನು ಹೇಳಿದೆ. ವಿದ್ಯಾರ್ಥಿಯ ವೇಷದವನು, ಬೇಸಾಯಗಾರನ ವೇಷದವನು, ವ್ಯಾಪಾರಿಯ ವೇಷದವನು, ತಪಸ್ವಿಯ ವೇಷದವನು, ಭಿಕ್ಷುಕಿ, ಅಡುಗೆಯವನು, ಕ್ಷೌರಿಕ: ಹೀಗೆ ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಯಾರೂ ಜನರ ಕಣ್ಣನ್ನು ಸೆಳೆಯುವವರಲ್ಲ. ಒಬ್ಬ ಗೂಢಚಾರನಿಗೆ ಇನ್ನೊಬ್ಬನ ಪರಿಚಯವಿರಬಾರದು. ಮೂವರು ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ಅದನ್ನು ನಂಬಬೇಕು ಎಂದೂ ಅಲ್ಲಿ ವಿಧಿಸಿದೆ. ಬೇಹುಗಾರನ ಮುಖ್ಯ ಶಕ್ತಿ ಅವನ ತೋಳಿನಲ್ಲಿಲ್ಲ. ಯಾರೂ ಅವನನ್ನು ಎರಡನೆಯ ಬಾರಿ ತಿರುಗಿ ನೋಡದಿರುವುದರಲ್ಲಿದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾವೇ ಒಂದು ದೃಶ್ಯವನ್ನು ಕಲ್ಪಿಸೋಣ. ಅದಕ್ಕೆ ದೂರದ ನಗರವೇನೂ ಬೇಡ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಸಾಕು.

1971ರ ಡಿಸೆಂಬರ್ ತಿಂಗಳು. ದೇಶವು ಯುದ್ಧದಲ್ಲಿ ತೊಡಗಿದೆ. 1918ರಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಅದರ ಸುತ್ತಲೇ ಬೆಳೆದ ಊರು ಭದ್ರಾವತಿ. ಸಂಜೆಯ ಬಸ್ಸಿನಲ್ಲಿ ಪಾಳಿ ಮುಗಿಸಿದ ಕಾರ್ಮಿಕರು, ಸಂತೆಯಿಂದ ಹೊರಟ ಹೆಂಗಸರು, ಶಾಲೆಯ ಮಕ್ಕಳು ಕಿಕ್ಕಿರಿದಿದ್ದಾರೆ. ನಡುವೆ ಸಾದಾ ಅಂಗಿ ತೊಟ್ಟ ಗುಮಾಸ್ತನಂತಹ ಒಬ್ಬ ನಿಂತಿದ್ದಾನೆ. ಅವನ ಬಟ್ಟೆಯ ಕೈಚೀಲದಲ್ಲಿ ಮಂಡಕ್ಕಿಯ ಪೊಟ್ಟಣ. ಪೊಟ್ಟಣದ ಕೆಳಗೆ ಒಂದು ಲಕೋಟೆ. ಅದು ಶಿವಮೊಗ್ಗದಲ್ಲಿ ಕಾದಿರುವವನ ಕೈ ಸೇರಬೇಕು. ಲಕೋಟೆಯನ್ನು ಹುಡುಕುತ್ತಿರುವ ಶತ್ರುವೂ ಅದೇ ಬಸ್ಸಿನಲ್ಲಿ, ಕಿಟಕಿಯ ಬಳಿ, ವೃತ್ತಪತ್ರಿಕೆ ಹಿಡಿದು ಕುಳಿತಿದ್ದಾನೆ. ತಾನು ಹುಡುಕುತ್ತಿರುವವನು ಯಾರೆಂಬುದು ಅವನಿಗಿನ್ನೂ ತಿಳಿಯದು. ಅವನ ಪಕ್ಕದಲ್ಲಿ ಮೊಮ್ಮಗನನ್ನು ತೊಡೆಗೆ ಒತ್ತಿಕೊಂಡು ಕುಳಿತ ಅಜ್ಜಿಯೊಬ್ಬಳು ತಲೆಯೆತ್ತಿ ಹೇಳುತ್ತಾಳೆ:

“ಎಷ್ಟು ಹೊತ್ತು ಹಿಡಿದುಕೊಂಡು ನಿಲ್ಲುತ್ತೀಯಪ್ಪಾ? ಚೀಲ ಇಲ್ಲಿ ಕೊಡು.”

“ಬೇಡ ಅಜ್ಜಿ, ಭಾರವೇನಿಲ್ಲ.”

“ಭಾರವಿಲ್ಲದಿದ್ದರೆ ಕೊಡುವುದಕ್ಕೇನು?”

ಸುತ್ತಲಿನವರು ನಗುತ್ತಾರೆ. ಪತ್ರಿಕೆ ಸ್ವಲ್ಪ ಕೆಳಗಿಳಿಯುತ್ತದೆ. ಇನ್ನು ಬೇಡವೆಂದರೆ ಅನುಮಾನಕ್ಕೆ ಎಡೆಯಾಗುತ್ತದೆ. ಕೊಟ್ಟರೆ ಲಕೋಟೆ ಶತ್ರುವಿನ ಮೊಣಕೈಗೆ ತಗಲುವಷ್ಟು ಹತ್ತಿರವಾಗುತ್ತದೆ. ಅವನು ಕೊಡುತ್ತಾನೆ. ಬಸ್ಸು ಮಾಚೇನಹಳ್ಳಿಯನ್ನು ದಾಟುತ್ತದೆ. ಹುಡುಗನು ಚೀಲದೊಳಗೆ ಕೈಹಾಕಿ, “ಇದರಲ್ಲೇನಿದೆ, ಮಾವಾ?” ಎಂದು ಕೇಳುತ್ತಾನೆ. ಮಂಡಕ್ಕಿಯ ಪೊಟ್ಟಣ ಮೇಲೆ ಬರುತ್ತದೆ. ಅದರೊಂದಿಗೆ ಲಕೋಟೆಯ ಮೂಲೆಯೂ ಇಣುಕುತ್ತದೆ.

ಇಷ್ಟೇ ದೃಶ್ಯ. ಇಲ್ಲಿ ಗುಂಡು ಹಾರಿಲ್ಲ, ಯಾರೂ ಧ್ವನಿಯೆತ್ತಿ ಮಾತನಾಡಿಲ್ಲ. ಆದರೂ ತುಂಗಾ ಸೇತುವೆ ಬರುವವರೆಗೆ ನಾವು ಆ ಮಗುವಿನ ಕೈಯಿಂದ ಕಣ್ಣು ತೆಗೆಯಲಾರೆವು. ಇದಕ್ಕೆ ಕಾರಣಗಳೇನು?

ಮೊದಲನೆಯ ಕಾರಣ, ಪಾತ್ರಗಳಿಗೆ ತಿಳಿಯದ ಸಂಗತಿ ನಮಗೆ ತಿಳಿದಿದೆ. ಪ್ರಸಿದ್ಧ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಸೊಗಸಾಗಿ ವಿವರಿಸಿದ್ದರು. ಮೇಜಿನ ಸುತ್ತ ಕುಳಿತು ಕೆಲವರು ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನಡಿಯ ಬಾಂಬು ಸಿಡಿಯುತ್ತದೆ. ಪ್ರೇಕ್ಷಕರು ಕೆಲವು ಕ್ಷಣ ಬೆಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಬಾಂಬನ್ನು ಅಲ್ಲಿ ಇಟ್ಟದ್ದನ್ನೂ ಅದು ಸಿಡಿಯುವ ವೇಳೆಯನ್ನೂ ಪ್ರೇಕ್ಷಕರಿಗೆ ಮೊದಲೇ ತಿಳಿಸಿದರೆ, ಆ ಹುರುಳಿಲ್ಲದ ಹರಟೆಯೇ ಸಹಿಸಲಾರದಷ್ಟು ಉತ್ಕಂಠತೆಯನ್ನು ತರುತ್ತದೆ. ‘ಮಾತು ನಿಲ್ಲಿಸಿ, ಎದ್ದು ಓಡಿ’ ಎಂದು ಕೂಗಬೇಕೆನಿಸುತ್ತದೆ. ಅಚ್ಚರಿಯು ಕ್ಷಣಿಕ, ಕಾತರವು ದೀರ್ಘ. ನಮ್ಮ ಬಸ್ಸಿನ ಕಥೆಯಲ್ಲಿ ಆ ಬಾಂಬಿನ ಸ್ಥಾನದಲ್ಲಿರುವುದು ಲಕೋಟೆ.

ಎರಡನೆಯ ಕಾರಣ, ಸ್ಥಳವೂ ನಡವಳಿಕೆಯೂ ನಮಗೆ ಚಿರಪರಿಚಿತ. ನಿಂತವರ ಚೀಲವನ್ನು ಕುಳಿತವರು ತೊಡೆಯ ಮೇಲಿಟ್ಟುಕೊಳ್ಳುವುದು ನಮ್ಮ ಊರುಗಳ ಸೌಜನ್ಯ. ಆ ಬಸ್ಸಿನಲ್ಲಿ ನಾವೂ ನಿಂತಿದ್ದೇವೆ, ಚೀಲ ಕೊಟ್ಟಿದ್ದೇವೆ. ಅಪಾಯವು ಅರಮನೆಯಲ್ಲೋ ರಹಸ್ಯದ್ವೀಪದಲ್ಲೋ ಇದ್ದರೆ ಅದು ಬರಿಯ ಕಥೆ. ದಿನನಿತ್ಯದ ಸೌಜನ್ಯದಲ್ಲಿಯೇ ಅಡಗಿದ್ದರೆ ಅದು ನಮ್ಮ ಮೈಗೇ ತಗಲುತ್ತದೆ. ವಾಸ್ತವಿಕ ಚಿತ್ರದ ನಿರ್ದೇಶಕನು ಬಸ್ಸಿನ ಟಿಕೆಟ್ಟು, ಮಾಸಿದ ಅಂಗಿ, ಕಂಡಕ್ಟರನ ಸೀಟಿ ಮೊದಲಾದ ಸಣ್ಣ ವಿವರಗಳಿಗಾಗಿ ಶ್ರಮಿಸುವುದು ಇದೇ ಕಾರಣದಿಂದ. ಸಣ್ಣ ವಿವರಗಳನ್ನು ನಂಬಿದ ಪ್ರೇಕ್ಷಕನು ದೊಡ್ಡ ಅಪಾಯವನ್ನೂ ನಂಬುತ್ತಾನೆ.

ಮೂರನೆಯ ಕಾರಣ, ಇಲ್ಲಿ ಸೋಲು ಸಾಧ್ಯ. ಜಾನ್ ಲೆ ಕಾರೆ ಎಂಬ ಲೇಖಕರು ಸ್ವತಃ ಬ್ರಿಟನ್ನಿನ ಬೇಹುಗಾರಿಕೆಯ ಇಲಾಖೆಯಲ್ಲಿ ಕೆಲಸ ಮಾಡಿದವರು. 1963ರಲ್ಲಿ ಪ್ರಕಟವಾದ ಅವರ ಕಾದಂಬರಿಯನ್ನು ಆಧರಿಸಿ 1965ರಲ್ಲಿ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಎಂಬ ಕಪ್ಪು-ಬಿಳುಪು ಚಿತ್ರ ಬಂದಿತು. ಅದರ ಆರಂಭದಲ್ಲಿ ಬರ್ಲಿನ್ ನಗರದ ಗಡಿಠಾಣೆಯಲ್ಲಿ ರಾತ್ರಿಯ ವೇಳೆ ನಾಯಕನು ತನ್ನವನೊಬ್ಬನಿಗಾಗಿ ಕಾಯುತ್ತಾನೆ. ಕೊನೆಗೆ ಆತ ಬೈಸಿಕಲ್ಲಿನೊಡನೆ ಬರುತ್ತಾನೆ; ಇನ್ನೇನು ಗಡಿ ದಾಟಿದನೆನ್ನುವಾಗ ಗುಂಡಿಗೆ ಬಲಿಯಾಗುತ್ತಾನೆ. ಮೊದಲ ಕೆಲವೇ ನಿಮಿಷಗಳಲ್ಲಿ ಚಿತ್ರವು ನಮಗೊಂದು ಎಚ್ಚರಿಕೆ ನೀಡಿತು: ಇಲ್ಲಿ ಯಾರೂ ಸುರಕ್ಷಿತರಲ್ಲ. ಆ ಬಳಿಕ ಒಂದು ಬಾಗಿಲು ತೆರೆದರೂ ನಾವು ಬೆಚ್ಚುತ್ತೇವೆ.

ಇವೆಲ್ಲಕ್ಕಿಂತ ಆಳವಾದ ಇನ್ನೊಂದು ಕಾರಣವುಂಟು. ಅದನ್ನು ಅರಿಯಲು ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ವನ್ನು ನೆನೆಯಬೇಕು. ಈ ಕಥೆ ಕನ್ನಡಿಗರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣನು ಇದೇ ವಸ್ತುವನ್ನು ಎತ್ತಿಕೊಂಡು 1823ರಲ್ಲಿ ‘ಮುದ್ರಾಮಂಜೂಷ’ ಎಂಬ ಗದ್ಯಕೃತಿಯನ್ನು ರಚಿಸಿದನು. ನಾಟಕದಲ್ಲಿ ಚಾಣಕ್ಯನ ಗೂಢಚಾರನೊಬ್ಬ ಯಮಪಟವನ್ನು ತೋರಿಸುವವನ ವೇಷದಲ್ಲಿ ವರ್ತಕ ಚಂದನದಾಸನ ಮನೆಗೆ ಹೋಗುತ್ತಾನೆ. ಶತ್ರುಪಕ್ಷದ ಅಮಾತ್ಯ ರಾಕ್ಷಸನು ತನ್ನ ಮಡದಿ ಮಕ್ಕಳನ್ನು ಆ ಮಿತ್ರನ ಮನೆಯಲ್ಲಿ ಅಡಗಿಸಿಟ್ಟಿರುತ್ತಾನೆ. ಚಿತ್ರ ನೋಡುವ ಆಸೆಯಿಂದ ಪುಟ್ಟ ಬಾಲಕನೊಬ್ಬ ಹೊರಗೋಡಿ ಬರುತ್ತಾನೆ. ಒಳಗಿನಿಂದ ಹೆಣ್ಣಿನ ಕೈಯೊಂದು ಗಾಬರಿಯಿಂದ ಚಾಚಿ ಅವನನ್ನು ಹಿಂದಕ್ಕೆ ಸೆಳೆಯುತ್ತದೆ. ಗಂಡಸಿನ ಅಳತೆಗೆ ಮಾಡಿದ ಉಂಗುರ ಆ ತೆಳು ಬೆರಳಿನಿಂದ ಜಾರಿ, ಉರುಳಿ, ಗೂಢಚಾರನ ಕಾಲ ಬಳಿ ನಿಲ್ಲುತ್ತದೆ. ಅದು ರಾಕ್ಷಸನ ಮುದ್ರೆಯುಂಗುರ. ಅದರಿಂದ ಒಂದು ಸುಳ್ಳು ಪತ್ರಕ್ಕೆ ಮುದ್ರೆ ಬೀಳುತ್ತದೆ. ಆ ಪತ್ರದಿಂದ ಒಂದು ಸೈನ್ಯದ ಬಲವೇ ಮುರಿಯುತ್ತದೆ.

ಇಲ್ಲಿ ಯಾರು ತಪ್ಪಿದರು? ಮಗುವನ್ನು ಕಾಪಾಡಲು ತಾಯಿ ಕೈಚಾಚಿದಳು, ಅಷ್ಟೆ. ವಾತ್ಸಲ್ಯವೇ ಶತ್ರುವಿಗೆ ದಾರಿಯಾಯಿತು. ನಾಟಕದ ಕೊನೆಯಲ್ಲಿ ರಾಕ್ಷಸನು ಚಾಣಕ್ಯನ ಕೈಗೆ ಸಿಕ್ಕುವುದೂ ಹೀಗೆಯೇ. ವಧ್ಯಸ್ಥಾನಕ್ಕೆ ಒಯ್ದ ಮಿತ್ರ ಚಂದನದಾಸನನ್ನು ಉಳಿಸಲು ಅವನು ತಾನಾಗಿಯೇ ಬಂದು ನಿಲ್ಲುತ್ತಾನೆ. ಬೇಹುಗಾರಿಕೆಯು ಪ್ರವೇಶಿಸುವುದು ಮನುಷ್ಯರ ದುರ್ಗುಣಗಳ ಬಾಗಿಲಿನಿಂದ ಮಾತ್ರವಲ್ಲ. ಪ್ರೀತಿ, ಸ್ನೇಹ, ನಂಬಿಕೆಗಳ ಬಾಗಿಲಿನಿಂದಲೂ ಹೌದು. ಇದನ್ನು ಮರೆಯದ ಚಿತ್ರವೇ ನಮ್ಮನ್ನು ಬಲವಾಗಿ ಹಿಡಿದು ನಿಲ್ಲಿಸುತ್ತದೆ.

ಮೇಘನಾ ಗುಲ್ಜಾರ್ ನಿರ್ದೇಶಿಸಿದ ‘ರಾಜಿ’ (2018) ಎಂಬ ಹಿಂದಿ ಚಿತ್ರದಲ್ಲಿ ಇದೇ ಸಂಕಟವನ್ನು ಕಾಣಬಹುದು. 1971ರ ಯುದ್ಧಕ್ಕೆ ಮುನ್ನ ಕಾಶ್ಮೀರದ ತರುಣಿಯೊಬ್ಬಳು ಪಾಕಿಸ್ತಾನದ ಸೈನ್ಯಾಧಿಕಾರಿಯ ಮನೆಗೆ ಸೊಸೆಯಾಗಿ ಹೋಗಿ ಭಾರತಕ್ಕೆ ರಹಸ್ಯಗಳನ್ನು ಕಳುಹಿಸುತ್ತಾಳೆ. ಆ ಮನೆಯವರು ಕ್ರೂರಿಗಳಲ್ಲ. ಅವಳನ್ನು ಅಕ್ಕರೆಯಿಂದ ಕಾಣುತ್ತಾರೆ. ಅವಳು ಸಿಕ್ಕಿಬೀಳಬಾರದೆಂದು ನಾವು ಹಾರೈಸುತ್ತೇವೆ. ಅವಳಿಂದ ಆ ಮನೆ ಹಾಳಾಗುವುದಲ್ಲಾ ಎಂದೂ ಮರುಗುತ್ತೇವೆ. ಒಂದು ಕೊಲೆಯ ಬಳಿಕ ಅವಳು ಜಯದಿಂದ ಬೀಗುವುದಿಲ್ಲ, ಅತ್ತು ಕುಸಿಯುತ್ತಾಳೆ. ಬರ್ಲಿನ್ ಕಥೆಯ ಕೊನೆಯಲ್ಲಿಯೂ ಗೋಡೆಯನ್ನೇರಿ ಪಾರಾಗಬಹುದಾಗಿದ್ದ ನಾಯಕನು, ಗುಂಡೇಟಿನಿಂದ ಕೆಳಗೆ ಬಿದ್ದ ತನ್ನ ಪ್ರಿಯೆಯ ಕಡೆಗೇ ಮರಳಿ ಇಳಿದು ಸಾಯುತ್ತಾನೆ. ಗೆಲುವಿಗೆ ತೆತ್ತ ಬೆಲೆಯನ್ನು ಮುಚ್ಚಿಡದೆ ತೋರಿಸುವುದೇ ಇಂತಹ ಚಿತ್ರಗಳ ಸತ್ಯನಿಷ್ಠೆ.

ಚಿತ್ರವನ್ನು ಹೀಗೆ ನೋಡುವುದೂ ಒಂದು ವಿದ್ಯೆ. ಈ ವಿದ್ಯೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಒಳ್ಳೆಯ ಪರಂಪರೆಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯ ಮೂಲಕ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಲೋಕದ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದರು. ಅಡಿಕೆ ತೋಟದಲ್ಲಿ ದುಡಿಯುವವರಿಗೂ ಉತ್ತಮ ಚಿತ್ರವನ್ನು ಸವಿಯುವ ಸಾಮರ್ಥ್ಯವಿದೆ ಎಂಬುದು ಅವರ ನಂಬಿಕೆಯಾಗಿತ್ತು. ಚಿತ್ರ ಮುಗಿದ ಮೇಲೆ ‘ಚೆನ್ನಾಗಿತ್ತು’ ಎಂದು ಎದ್ದುಬಿಡದೆ, ‘ಏಕೆ ಚೆನ್ನಾಗಿತ್ತು?’ ಎಂದು ಒಂದು ಗಳಿಗೆ ಯೋಚಿಸುವುದೇ ಆ ವಿದ್ಯೆಯ ಮೊದಲ ಪಾಠ.

ಈಗ ನಮ್ಮ ಬಸ್ಸಿಗೆ ಮರಳೋಣ. ಅದು ತುಂಗಾ ಸೇತುವೆಯ ಮೇಲೆ ಬಂದಿದೆ. ಅಜ್ಜಿಯು ಮೊಮ್ಮಗನನ್ನು ಗದರಿಸಿ, ಪೊಟ್ಟಣವನ್ನೂ ಲಕೋಟೆಯನ್ನೂ ಚೀಲದೊಳಕ್ಕೆ ತಳ್ಳಿ, ಅದನ್ನು ಎದೆಗೊತ್ತಿ ಹಿಡಿದಿದ್ದಾಳೆ. ಕಿಟಕಿಯ ಬಳಿಯವನು ಪತ್ರಿಕೆಯನ್ನು ಮಡಿಸಿದ್ದಾನೆ. ಚೀಲ ಯಾರದೆಂಬುದನ್ನು ಅವನು ಗಮನಿಸಿರಲಿಲ್ಲ. ಈಗ ಅವನ ದೃಷ್ಟಿ ನಿಂತಿರುವುದು ಅಜ್ಜಿಯ ಮೇಲೆ. ನಿಲ್ದಾಣ ಬಂದಾಗ ನಮ್ಮವನು ಸುಮ್ಮನೆ ಇಳಿದು ಜನರಲ್ಲಿ ಬೆರೆತರೆ ತಾನು ಉಳಿಯುತ್ತಾನೆ. ‘ಅಜ್ಜಿ, ನನ್ನ ಚೀಲ ಕೊಡಿ’ ಎಂದರೆ ಅವಳು ಉಳಿಯುತ್ತಾಳೆ.

ಅವನು ಏನು ಮಾಡುವನು? ಈ ಪ್ರಶ್ನೆ ನಮ್ಮನ್ನು ಕಾಡಿದರೆ ಚಿತ್ರವು ಗೆದ್ದಿತೆಂದೇ ಅರ್ಥ. ಏಕೆಂದರೆ ಆಗ ನಾವು ಲಕೋಟೆಯನ್ನು ಮರೆತು ಮನುಷ್ಯನನ್ನು ನೋಡುತ್ತಿರುತ್ತೇವೆ.

ಅಭ್ಯಾಸ

1. ನಿಜವಾದ ಬೇಹುಗಾರನ ಮುಖ್ಯ ಶಕ್ತಿ ಯಾವುದರಲ್ಲಿದೆ?
2. ಅಚ್ಚರಿಗೂ ಕಾತರಕ್ಕೂ ಇರುವ ವ್ಯತ್ಯಾಸವನ್ನು ಹಿಚ್‌ಕಾಕ್ ಅವರ ಉದಾಹರಣೆಯೊಡನೆ ವಿವರಿಸಿರಿ.
3. ‘ವಾತ್ಸಲ್ಯವೇ ಶತ್ರುವಿಗೆ ದಾರಿಯಾಯಿತು’: ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
4. ಬಸ್ಸಿನ ಕಥೆಯನ್ನು ನೀವು ಹೇಗೆ ಮುಗಿಸುವಿರಿ? ಕಾರಣ ಸಹಿತ ಹತ್ತು ವಾಕ್ಯಗಳಲ್ಲಿ ಬರೆಯಿರಿ.