ಸ್ಟೇರಿಂಗ್ ಬಿಗಿಯಾಯಿತೇ? ಮೋಟರ್ ಬಿಚ್ಚುವ ಮುನ್ನ ಎಂಟು ಸೂತ್ರಗಳು

ಈಗಿನ ಬಹುತೇಕ ಕಾರುಗಳಲ್ಲಿ ಸ್ಟೇರಿಂಗ್ ಹಗುರ ಮಾಡುವುದು ಎಲೆಕ್ಟ್ರಿಕ್ ಮೋಟರ್. ಪಾರ್ಕಿಂಗ್‌ನಲ್ಲಿ ಅದು ಹೆಚ್ಚು ನೆರವು ಕೊಡುತ್ತದೆ, ಹೆದ್ದಾರಿಯ ವೇಗದಲ್ಲಿ ಕಡಿಮೆ. ಇದು ಕೈಕೊಟ್ಟಾಗ ‘ಪೂರ್ತಿ ಸ್ಟೇರಿಂಗ್ ಕಾಲಂ ಹೋಗಿದೆ’ ಎಂದುಬಿಡುವುದು ಸುಲಭ. ಆದರೆ ಬಿಲ್ಲು ಕಟ್ಟುವವರು ಗಿರಾಕಿಗಳು. ಮಲ್ಟಿಮೀಟರ್ ಹಿಡಿದು ಹಂತಹಂತವಾಗಿ ಹೋಗುವ ಮೆಕ್ಯಾನಿಕ್‌ಗೆ ದೋಷ ಎಷ್ಟೋ ಸಲ ದಾರಿಯಲ್ಲೇ ಸಿಕ್ಕಿಬಿಡುತ್ತದೆ.

1. ಮೊದಲು ಟೈರ್ ನೋಡಿ. ಗಾಳಿ ಇಳಿದಿದ್ದರೂ ಅಲೈನ್‌ಮೆಂಟ್ ಕೆಟ್ಟಿದ್ದರೂ ಸ್ಟೇರಿಂಗ್ ಭಾರವಾಗುತ್ತದೆ, ಮೀಟರ್ ಬೋರ್ಡಿನ ಸ್ಟೇರಿಂಗ್ ದೀಪ ಮಾತ್ರ ಹೊತ್ತುವುದಿಲ್ಲ. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗಲೇ ತಿರುಗಿಸಿ. ಮಧ್ಯೆ ಎಲ್ಲೋ ಹಿಡಿದುಕೊಂಡರೆ ವೈರಿಂಗ್ ಮುಟ್ಟಬೇಡಿ; ದೋಷ ಜಾಯಿಂಟ್‌ನಲ್ಲೋ ರ‍್ಯಾಕ್‌ನಲ್ಲೋ ಇದೆ.

2. ದೀಪವನ್ನು ಗಮನಿಸಿ. ಕೀ ಆನ್ ಮಾಡಿದಾಗ ಸ್ಟೇರಿಂಗ್ ದೀಪ ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಕಂಟ್ರೋಲ್ ಯೂನಿಟ್ ದೋಷ ಗುರುತಿಸಿದೆ. ಹೊತ್ತಲೇ ಇಲ್ಲವೆಂದರೆ ಮೀಟರ್ ಬೋರ್ಡ್, ಫ್ಯೂಸ್ ಮತ್ತು ಯೂನಿಟ್‌ನ ಸಪ್ಲೈ ನೋಡಿ.

3. ವಿದ್ಯುತ್ ಪರೀಕ್ಷೆಯನ್ನು ಬ್ಯಾಟರಿಯಿಂದ ಶುರು ಮಾಡಿ. ಎಂಜಿನ್ ಆಫ್ ಇದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಕ್ಕೆ ಹೋಗಬೇಡಿ. ವೋಲ್ಟೇಜ್ ಕುಸಿದರೆ ಯೂನಿಟ್ ತಾನಾಗಿಯೇ ನೆರವು ಕಡಿತ ಮಾಡುತ್ತದೆ, ಮೋಟರ್ ಸುಮ್ಮನೆ ಅಪವಾದ ಹೊರುತ್ತದೆ.

4. ಅರ್ಥಿಂಗನ್ನು ಲೋಡ್ ಕೊಟ್ಟೇ ಅಳೆಯಿರಿ. ನಿಂತಲ್ಲೇ ಪೂರ್ತಿ ತಿರುಗಿಸಿದಾಗ ಮೋಟರ್ ಹತ್ತಾರು ಆಂಪಿಯರ್ ಎಳೆಯುತ್ತದೆ. ಒಂದೇ ಎಳೆಯಲ್ಲಿ ನೇತಾಡುವ ತಂತಿಗೂ ಓಮ್ ಮೀಟರ್ ‘ಸೊನ್ನೆ’ ತೋರಿಸಿ ಮೋಸ ಮಾಡುತ್ತದೆ. ಹಾಗಾಗಿ ಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಯೂನಿಟ್‌ನ ಅರ್ಥ್ ಪಿನ್ನಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಜೊತೆಗಾರ ಸ್ಟೇರಿಂಗ್ ತಿರುಗಿಸಲಿ. ರೀಡಿಂಗ್ 0.2 ವೋಲ್ಟ್ ದಾಟಿದರೆ ಅರ್ಥ್ ಬೋಲ್ಟ್ ಬಿಚ್ಚಿ ನೋಡಿ: ಹಸಿರು ಕಿಲುಬು, ತುಕ್ಕು, ಬೋಲ್ಟ್ ಕೆಳಗೆ ಸಿಕ್ಕಿಕೊಂಡ ಪೇಂಟ್. ಉಜ್ಜಿ ಬಿಗಿ ಮಾಡಿ ಮತ್ತೆ ಅಳೆಯಿರಿ. ಪಾಸಿಟಿವ್ ಕಡೆಯ ದೊಡ್ಡ ಫ್ಯೂಸ್‌ಗೂ ಇದೇ ಪರೀಕ್ಷೆ.

5. ಕೋಡ್ ಸುಳಿವಷ್ಟೇ, ತೀರ್ಪು ಅಳತೆಯದ್ದು. ಸ್ಕ್ಯಾನರ್‌ನಲ್ಲಿ ಕಂಡದ್ದನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ. ‘ಸಿ’ಯಿಂದ ಶುರುವಾಗುವ ಕೋಡ್ ಚಾಸಿಗೆ, ‘ಯು’ ಯೂನಿಟ್‌ಗಳ ನಡುವಿನ ಸಂಪರ್ಕಕ್ಕೆ ಸೇರಿದ್ದು. ಯು0131 ಎಂದರೆ ಸ್ಟೇರಿಂಗ್ ಯೂನಿಟ್ ಜೊತೆ ಸಂಪರ್ಕ ಕಡಿದಿದೆ. ಬ್ಯಾಟರಿ ಕಳಚಿ, ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಹಲವು ಕಾರುಗಳಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದರೆ ಈ ಸಂಪರ್ಕದ ಲೈನ್ ಎಲ್ಲೋ ತುಂಡಾಗಿರಬಹುದು. ಇಲಿ ಕಡಿದ ಗುರುತನ್ನೂ ಹುಡುಕಿ.

6. ವೇಗದ ಸಿಗ್ನಲ್ ಪರೀಕ್ಷಿಸಿ. ಕಾರಿನ ವೇಗ ತಿಳಿಯದಿದ್ದರೆ ನೆರವಿನ ಲೆಕ್ಕವೇ ತಪ್ಪುತ್ತದೆ. ಪಾರ್ಕಿಂಗ್‌ನಲ್ಲಿ ಭಾರ, ಹೆದ್ದಾರಿಯಲ್ಲಿ ಅತಿ ಹಗುರ ಎಂಬ ದೂರು ಬಂದರೆ ಮೊದಲ ಅನುಮಾನ ಇಲ್ಲಿರಲಿ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಸ್ಟೇರಿಂಗ್ ಯೂನಿಟ್‌ಗೆ ತಲುಪುವ ವೇಗವನ್ನು ಸ್ಪೀಡೋಮೀಟರ್ ಜೊತೆ ಹೋಲಿಸಿ.

7. ಟಾರ್ಕ್ ಸೆನ್ಸರ್ ಸೊನ್ನೆಗೆ ಬರುತ್ತದೆಯೇ? ಚಕ್ರ ನೇರವಿಟ್ಟು ಕೈ ತೆಗೆದಾಗ ರೀಡಿಂಗ್ ಸೊನ್ನೆಯ ಆಸುಪಾಸಿರಬೇಕು. ಎಡ–ಬಲ ಎರಡೂ ಕಡೆ ಸಮನಾಗಿ ಏರಬೇಕು. ಸ್ಟೇರಿಂಗ್ ತಾನಾಗಿ ಒಂದು ಕಡೆ ಎಳೆದರೆ, ಭಾಗ ಬದಲಿಸುವ ಮುನ್ನ ಕಂಪನಿ ಹೇಳಿದ ಕ್ರಮದಲ್ಲಿ ಕ್ಯಾಲಿಬ್ರೇಷನ್ ಮಾಡಿ. ಸ್ಟೇರಿಂಗ್ ಬಳಿ ಕೈ ಹಾಕುವಾಗ ಎಚ್ಚರ: ಹಳದಿ ಕಪ್ಲರ್ ಏರ್‌ಬ್ಯಾಗಿನದು. ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯದೆ ಅದನ್ನು ಮುಟ್ಟಲೇಬೇಡಿ.

8. ಬಿಸಿಯನ್ನು ದೋಷ ಎನ್ನಬೇಡಿ. ಒಂದೇ ಸಮ ಕೊನೆಯವರೆಗೆ ತಿರುಗಿಸಿ ಹಿಡಿದರೆ ಮೋಟರ್ ಕಾಯುತ್ತದೆ, ಯೂನಿಟ್ ನೆರವು ಇಳಿಸಿ ಅದನ್ನು ಉಳಿಸುತ್ತದೆ. ತಣ್ಣಗಾದ ಮೇಲೆ ಸರಿಹೋದರೆ ಗಿರಾಕಿಗೆ ವಿವರಿಸಿ ಕಳಿಸಿ.

ಈ ಎಂಟೂ ಮುಗಿದ ಮೇಲೆ ಕಾಲಂ ಬದಲಿಸುವ ಮಾತು. ಆಗಲೂ ಅಳತೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ತೋರಿಸಿ. ನಂಬಿಕೆ ಹುಟ್ಟಿದ ಗ್ಯಾರೇಜಿಗೆ ಗಿರಾಕಿ ಮತ್ತೆ ಬರುತ್ತಾರೆ.