ಐತಿಹಾಸಿಕ ಕಾದಂಬರಿ: ಎಳೆಯರಿಗೆ ಯಾವುದು, ಬೆಳೆದವರಿಗೆ ಯಾವುದು?

ಐತಿಹಾಸಿಕ ಕಾದಂಬರಿಯನ್ನು ಕುರಿತು ನಮ್ಮ ವಿದ್ಯಾರ್ಥಿವರ್ಗದಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು ‘ಅದು ಕಟ್ಟುಕಥೆ’ ಎಂದು ತಳ್ಳಿಬಿಡುತ್ತಾರೆ. ಕಥೆಯ ರುಚಿಗಾಗಿ ಓದುವವರು ಅದರಲ್ಲಿರುವುದೆಲ್ಲವೂ ನಡೆದ ಸಂಗತಿಯೆಂದೇ ನಂಬಿಬಿಡುತ್ತಾರೆ. ಎರಡೂ ಅತಿರೇಕಗಳೇ. ಶಾಸನವು ಒಂದು ಕಾಲದ ಎಲುಬುಗಳನ್ನು ಉಳಿಸಿಕೊಡುತ್ತದೆ; ಅದಕ್ಕೆ ರಕ್ತಮಾಂಸಗಳನ್ನು ತುಂಬಿ ನಡೆಯಿಸುವವನು ಕಾದಂಬರಿಕಾರ. ಈ ಎಚ್ಚರವಿಟ್ಟುಕೊಂಡು ಓದುವವನಿಗೆ ಎರಡರಿಂದಲೂ ಲಾಭವುಂಟು.

ಕನ್ನಡದಲ್ಲಿ ಇಂತಹ ಕಾದಂಬರಿಗಳು ವಿಪುಲವಾಗಿವೆ. ಅವುಗಳಲ್ಲಿ ಕೆಲವು ರಾಜ್ಯವೊಂದು ಹುಟ್ಟಿದ ಕಥೆಯನ್ನು ಹೇಳಿದರೆ, ಕೆಲವು ರಾಜ್ಯವೊಂದು ಅಳಿದ ಕಥೆಯನ್ನು ಹೇಳುತ್ತವೆ. ಉದಯದ ಕಥೆಗಳನ್ನು ಎಳೆಯರ ಕೈಗೂ ಅಸ್ತಮಯದ ಕಥೆಗಳನ್ನು ಬೆಳೆದವರ ಕೈಗೂ ಕೊಡಬೇಕೆಂಬುದು ನನ್ನ ಸೂಚನೆ. ಮನುಷ್ಯಪ್ರಯತ್ನದಿಂದ ಏನಾಗಬಹುದೆಂಬುದನ್ನು ಹುಡುಗರು ಮೊದಲು ಅರಿಯಬೇಕು. ಕಟ್ಟಿದ್ದು ಹೇಗೆ ಕೈಬಿಟ್ಟು ಹೋಗುತ್ತದೆಂಬುದು ಹೊಣೆ ಹೊತ್ತವರು ತಿಳಿಯಬೇಕಾದ ಪಾಠ.

ಹೈಸ್ಕೂಲಿನ ಹುಡುಗರು ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’ದಿಂದ ಆರಂಭಿಸುವುದು ಒಳ್ಳೆಯದು. 1975ರಲ್ಲಿ ಇದೇ ಹೆಸರಿನ ಚಲನಚಿತ್ರವಾದುದರಿಂದ ಕಥೆ ಎಲ್ಲರಿಗೂ ಪರಿಚಿತ. ಇದರ ಮೂಲವು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿದೆ. ವೇದಾಧ್ಯಯನಕ್ಕೆಂದು ಗುರುವಿನೊಡನೆ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಅವಮಾನಿತನಾದನೆಂದೂ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂದೂ ಶಾಸನಕವಿ ಕುಬ್ಜನು ಸಂಸ್ಕೃತದಲ್ಲಿ ಹೇಳಿದ್ದಾನೆ. ಈ ಶಾಸನವು ಕದಂಬ ಶಾಂತಿವರ್ಮನ ಕಾಲದ್ದು. ಎಂದರೆ ಘಟನೆ ನಡೆದು ಸುಮಾರು ಒಂದು ಶತಮಾನದ ಮೇಲೆ, ಆ ವಂಶದವರ ಆಶ್ರಯದಲ್ಲಿಯೇ ಹುಟ್ಟಿದ್ದು. ಹಾಗಾದರೆ ಶಾಸನವೂ ಸ್ವಲ್ಪಮಟ್ಟಿಗೆ ಕಥೆಯೇ ಅಲ್ಲವೆ? ಈ ಪ್ರಶ್ನೆಯನ್ನು ಹುಡುಗನೊಬ್ಬನು ಕೇಳಿದನೆಂದರೆ ಅವನಿಗೆ ಇತಿಹಾಸದ ಬಾಗಿಲು ತೆರೆಯಿತೆಂದು ತಿಳಿಯಬೇಕು.

ಇದೇ ಸಾಲಿನಲ್ಲಿ ಗಳಗನಾಥರ ‘ಮಾಧವ ಕರುಣಾವಿಲಾಸ’ವನ್ನು ಹೇಳಬಹುದು. ಇದು ವಿಜಯನಗರದ ಸ್ಥಾಪನೆಯ ಕಥೆ. ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಓದುಗರನ್ನು ಹುಟ್ಟಿಸಿದ ಮಹನೀಯರು. ಇವರ ಶೈಲಿ ಇಂದಿನ ಬಾಲಕರಿಗೆ ತುಸು ಬಿರುಸಾಗಿ ತೋರಬಹುದು. ಆದುದರಿಂದ ಹಿರಿಯರು ಓದಿ ಹೇಳಿದರೆ ಚೆನ್ನ.

ಕಾಲೇಜಿಗೆ ಬಂದವರು ಒಂದೇ ವಸ್ತುವನ್ನು ಕುರಿತ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಬೇಕು. ಹೊಯ್ಸಳ ರಾಣಿ ಶಾಂತಲೆಯ ತಂದೆ ಶೈವ, ತಾಯಿ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮಡಿದಳು. ಶಾಸನಗಳಿಂದ ತಿಳಿದುಬರುವ ಇಂತಹ ಕೆಲವೇ ಸಂಗತಿಗಳಿಂದ ಕೆ. ವಿ. ಅಯ್ಯರ್ ಅವರು ‘ಶಾಂತಲಾ’ವನ್ನು ಬರೆದರು, ಸಿ. ಕೆ. ನಾಗರಾಜರಾಯರು 1978ರಲ್ಲಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ನಾಲ್ಕು ಭಾಗಗಳಾಗಿ ಹೊರತಂದರು. ಎಲುಬುಗಳು ಅವೇ, ಶಾಂತಲೆಯರು ಮಾತ್ರ ಇಬ್ಬರು. ಇಬ್ಬರನ್ನೂ ಬಲ್ಲವನು ಕಲ್ಪನೆಯನ್ನು ಸಾಕ್ಷ್ಯವೆಂದು ಎಂದಿಗೂ ಭ್ರಮಿಸಲಾರನು.

ಇನ್ನು ಬೆಳೆದವರ ಓದು. ನಮ್ಮ ಶ್ರೇಷ್ಠ ಲೇಖಕರು ತಮ್ಮ ಶಕ್ತಿಯನ್ನು ಗೆಲುವಿಗಿಂತ ಸೋಲನ್ನು ವಿಚಾರಿಸುವುದಕ್ಕೇ ಹೆಚ್ಚಾಗಿ ವಿನಿಯೋಗಿಸಿರುವುದು ಗಮನಾರ್ಹ. ಮಾಸ್ತಿಯವರ ‘ಚೆನ್ನಬಸವನಾಯಕ’ದ ಹಿನ್ನೆಲೆ 1763ರಲ್ಲಿ ಹೈದರಾಲಿಯ ವಶವಾದ ಬಿದನೂರು, ಅವರದೇ ‘ಚಿಕವೀರ ರಾಜೇಂದ್ರ’ದ (1956) ವಸ್ತು 1834ರಲ್ಲಿ ಆಂಗ್ಲರ ಪಾಲಾದ ಕೊಡಗು, ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ದ (1982) ವಸ್ತು 1779ರಲ್ಲಿ ಬಿದ್ದ ಚಿತ್ರದುರ್ಗ. ಒಂದನ್ನೇ ಆರಿಸಬೇಕಾದರೆ ನಾನು ‘ಚಿಕವೀರ ರಾಜೇಂದ್ರ’ವನ್ನು ಆರಿಸುವೆನು. ಅರಸನ ದುಷ್ಟತನವನ್ನು ಮಾಸ್ತಿಯವರು ಮುಚ್ಚಿಡುವುದಿಲ್ಲ. ಆದರೂ ಅವನನ್ನು ರಾಕ್ಷಸನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ರಾಣಿಯ ಸಹನೆ, ಮಂತ್ರಿಗಳ ಸಂಕಟ, ಜನರ ಬೇಸರ, ಹೊರಗೆ ಕಾದು ಕುಳಿತ ಪರಕೀಯರು—ಇವೆಲ್ಲವನ್ನೂ ತಕ್ಕಡಿಯಲ್ಲಿಟ್ಟು, ‘ತಪ್ಪು ಯಾರದು?’ ಎಂಬ ತೀರ್ಪನ್ನು ನಮಗೇ ಬಿಡುತ್ತಾರೆ. ಹೊರಗಿನ ಶತ್ರು ಬಾಗಿಲಿಗೆ ಬರುವ ಮುನ್ನವೇ ಒಳಗಿನ ನಂಬಿಕೆ ಮುರಿದುಬಿದ್ದಿರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಆದರೆ ಇವೆಲ್ಲವೂ ಅರಸರ ಕಥೆಗಳು. ನನ್ನಂತೆ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಈ ಸಭೆಯಲ್ಲಿ ಹಲವರಿದ್ದಾರೆ. ನಮ್ಮ ಮುತ್ತಜ್ಜಂದಿರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಕೋಟೆಗೆ ಕಲ್ಲು ಹೊತ್ತವರು, ದಂಡಿಗೆ ದವಸ ಅಳೆದುಕೊಟ್ಟವರು, ದಂಡು ಹೋದ ಮೇಲೆ ತುಳಿದ ಹೊಲವನ್ನು ಮತ್ತೆ ಉತ್ತವರು ಅವರು. ಅವರಿಗೂ ಇತಿಹಾಸವುಂಟೆಂದು ತೋರಿಸಿದ ಕೃತಿ ನಿರಂಜನರ ‘ಚಿರಸ್ಮರಣೆ’ (1955). 1941ರಲ್ಲಿ ಕಯ್ಯೂರಿನ ರೈತರು ನಡೆಸಿದ ಹೋರಾಟವೂ, 1943ರಲ್ಲಿ ಅವರಲ್ಲಿ ನಾಲ್ವರು ಗಲ್ಲಿಗೇರಿದುದೂ ಇದರ ವಸ್ತು. ಊರು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಅಂದು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಅಕ್ಷರ ಕಲಿಯುವ ಆಸೆ ಹೊತ್ತ ರೈತರ ಮಕ್ಕಳು ಇಲ್ಲಿ ಕಥಾನಾಯಕರಾಗಿರುವುದನ್ನು ಕಂಡಾಗ, ಓದುವ ನಮಗೂ ಇತಿಹಾಸದಲ್ಲಿ ಕುಳಿತುಕೊಳ್ಳಲು ಒಂದು ಮಣೆ ಸಿಕ್ಕಂತಾಗುತ್ತದೆ.

ಕೊನೆಯದಾಗಿ, ಓದುವ ಕ್ರಮವನ್ನು ಕುರಿತು ಎರಡು ಮಾತು. ಕಾದಂಬರಿಯನ್ನು ಮೊದಲು ಕಥೆಯೆಂದೇ ತಡೆಯಿಲ್ಲದೆ ಓದಬೇಕು. ಮುಗಿದ ಮೇಲೆ ಆ ಕಾಲದ ಇತಿಹಾಸಗ್ರಂಥವೊಂದನ್ನು ತೆಗೆದು, ಯಾವ ಪಾತ್ರಕ್ಕೆ ಆಧಾರವುಂಟು, ಯಾವುದು ಲೇಖಕರ ಸೃಷ್ಟಿ ಎಂದು ಗುರುತು ಹಾಕಿಕೊಳ್ಳಬೇಕು. ಬಿಡುವಿನಲ್ಲಿ ತಾಳಗುಂದವನ್ನೋ ಚಿತ್ರದುರ್ಗವನ್ನೋ ಕಂಡುಬಂದರೆ ಇನ್ನೂ ಉತ್ತಮ. ಮಿತ್ರರು ಈ ರಜೆಯಲ್ಲಿ ಊರಿಗೆ ಹೋಗುವಾಗ ಇವುಗಳಲ್ಲಿ ಎರಡನ್ನು ಗ್ರಂಥಾಲಯದಿಂದ ಕೊಂಡೊಯ್ಯಲಿ: ಒಂದು ತಮಗಾಗಿ, ಇನ್ನೊಂದು ಮನೆಯಲ್ಲಿರುವ ತಮ್ಮತಂಗಿಯರಿಗಾಗಿ. ಓದು ಬಾರದ ಹಿರಿಯರಿದ್ದರೆ ಸಂಜೆ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಲಿ. ಬರಗಾಲವನ್ನೂ ದರ್ಪವನ್ನೂ ಕಂಡುಂಡ ಆ ಹಿರಿಯರು ನಡುವೆ ಒಂದು ಮಾತು ಸೇರಿಸಿದರೆ, ಅದನ್ನು ಬರೆದಿಟ್ಟುಕೊಳ್ಳಲು ಮರೆಯದಿರಲಿ.